ಸುಮ್ಮನೆ ಕೂತವಳ ಒಪ್ಪಿಗೆ

ಪಾಂಡವಪುರ, ಹೊರಡುವ ಮುಂಚೆ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿದ್ದರೂ ನನ್ನ ಸ್ಟಾಪಿಗೆ ಎರಡು ಸ್ಟಾಪು ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಲ್ಲುವವಳು ನಾನು. ಇಂಥವಳನ್ನು ವಿಯೆನ್ನಾಕ್ಕೆ ಕರೆಸಿಕೊಂಡು ದಿನಗಟ್ಟಲೆ ಸಭೆಯಲ್ಲಿ ಕೂರಿಸುತ್ತಾರಂತೆ ಎಂದಾಗ ನಮ್ಮ ಮನೆಯವರು ನಕ್ಕುಬಿಟ್ಟರು. “ಇಮಾನದಲ್ಲಿ ಸುಮ್ಕೆ ಕೂತ್ಕೊ. ಅದೇನೋ ಸದ್ದಾಯ್ತದೆ ಅಂತ ಬಿಚ್ಚಿ ನೋಡಕ್ ಓಗ್ಬೇಡ ಕಣಮ್ಮಿ” ಎಂದರು.

ಅವರು ಹಾಗೆನ್ನಲು ಕಾರಣವಿದೆ. ನನ್ನ ಕೆಲಸವೇ ಬಿಚ್ಚುವುದು. ಮನೆ ಕಿರಂಗೂರಿನಲ್ಲಿ, ಅಂಗಡಿ ಪಾಂಡವಪುರದಲ್ಲಿ. ಹಳ್ಳಿ ಡೈರಿಗಳಲ್ಲಿ ಹಾಲಿನ ಫ್ಯಾಟು ನೋಡಿ ದರ ಹೇಳುವ ಮಿಷನ್ನುಗಳಿರುತ್ತವಲ್ಲ, ಅವನ್ನು ರಿಪೇರಿ ಮಾಡುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಡೈರಿಯ ಮಿಷನ್ನು ನಿಂತರೂ ಸಾಮಾನ್ಯವಾಗಿ ನನಗೇ ಫೋನು ಬರುತ್ತದೆ. ಸ್ಕೂಟರು ಹತ್ತಿ ಹೋಗುತ್ತೇನೆ. ಒಳಗೆ ಇರುವೆ ಗೂಡು ಕಟ್ಟಿರುತ್ತದೆ, ಇಲ್ಲವೇ ಹಾಲು ಎಳೆಯುವ ಸಣ್ಣ ಪೈಪು ಒಡೆದಿರುತ್ತದೆ, ಇಲ್ಲವೇ ಸಿಡಿಲಿಗೆ ಬೋರ್ಡು ಸುಟ್ಟಿರುತ್ತದೆ. ಬಹಳ ಸಲ ಅರ್ಧ ಗಂಟೆಯ ಕೆಲಸ.

ಕಷ್ಟವಿರುವುದು ರಿಪೇರಿಯಲ್ಲಲ್ಲ, ಮಾತಿನಲ್ಲಿ. ಒಂದು ಕಂಪನಿಯ ಮಿಷನ್ನು ಹೇಳುವುದು ಇನ್ನೊಂದು ಕಂಪನಿಯ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಬೆಳ್ಳೂರಿನಲ್ಲಿ ಕೊಂಡ ನಟ್ಟು ಮೇಲುಕೋಟೆಯಲ್ಲಿ ಕೊಂಡ ಬೋಲ್ಟಿಗೆ ಸರಿಯಾಗಿ ಕೂರುತ್ತದೆ, ಏಕೆಂದರೆ ಯಾರೋ ಎಂದೋ ಕೂತು ಅಳತೆ ಒಂದೇ ಇರಲಿ ಎಂದು ಬರೆದಿಟ್ಟಿದ್ದಾರೆ. ಹಾಲಿನ ಮಿಷನ್ನಿಗೆ ಅಂಥದ್ದನ್ನು ಯಾರೂ ಬರೆದಿರಲಿಲ್ಲ. ತಲೆಕೆಟ್ಟು, ಯಾವ ಮಿಷನ್ನು ಯಾವ ಲೆಕ್ಕದಲ್ಲಿ ಮಾತಾಡುತ್ತದೆ ಎಂದು ನಾನೇ ಒಂದು ಪಟ್ಟಿ ಮಾಡಿ, ಬೇಕಾದವರು ನೋಡಿಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದೆ. ಅದನ್ನು ನೋಡಿ ಡೆನ್ಮಾರ್ಕಿನ ಎಂಜಿನಿಯರು ಹೆನ್ರಿಕ್ ಕಾಗದ ಬರೆದರು. ಹಳ್ಳಿಗಳಲ್ಲಿ ಬಳಸುವ ಇಂಥ ಯಂತ್ರಗಳಿಗೆಲ್ಲ ಒಂದೇ ಮಾತು ಕಲಿಸುವ ನಿಯಮಾವಳಿಯ ಕರಡು ಬರೆಯುತ್ತಿದ್ದೇನೆ, ಇಂಟರ್ನೆಟ್ಟಿನ ನಿಯಮ ಬರೆಯುವವರ ಸಭೆ ವಿಯೆನ್ನಾದಲ್ಲಿದೆ, ಬನ್ನಿ, ಹೋಗಿಬರುವ ಖರ್ಚು ಸಭೆಯವರದೇ ಎಂದರು.

ಈ ವಿಷಯವನ್ನು ಮೊದಲು ಹೇಳಿದ್ದು ಸಾಕಮ್ಮನಿಗೆ. ಬೆಳ್ಳೂರು ಕ್ರಾಸಿನಿಂದ ಒಳಕ್ಕೆ ಹೋದರೆ ಸಿಗುವ ಒಂದೂರಿನ ಹೆಂಗಸರ ಡೈರಿಗೆ ಆಕೆ ಸೆಕ್ರೆಟರಿ. ನನಗಿಂತ ಹದಿನೈದು ವರ್ಷ ದೊಡ್ಡವಳು, ನಾನು ಸಾಕಕ್ಕ ಎನ್ನುತ್ತೇನೆ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, “ಮಿಷನ್ಗೆ ಮಾತ್ ಕಲ್ಸಕ್ಕೆ ಅಷ್ಟು ದೂರ ಓಗ್ಬೇಕೇನವ್ವ?” ಎಂದಳು. ಹೌದು ಎಂದೆ. “ಅಂಗಾರೆ ನಮ್ಮ ಡೈರಿ ಕಷ್ಟಾನೂ ಏಳ್ಬುಟ್ಟು ಬಾ” ಎಂದು ಕೆಲಸಕ್ಕೆ ತಿರುಗಿದಳು.

ವಿಮಾನದಲ್ಲಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಸ್ಕ್ರೂಡ್ರೈವರ್ ಡಬ್ಬಿಯನ್ನು ಕೈಚೀಲದಿಂದ ತೆಗೆದಿಟ್ಟುಕೊಂಡರು. ಅಭ್ಯಾಸಬಲದಿಂದ ಹಾಕಿಕೊಂಡಿದ್ದೆ. ಪೊಲೀಸಮ್ಮ ಒಂದೊಂದನ್ನೇ ಎತ್ತಿ ನೋಡಿ, “ಮೇಡಂ, ಇದೆಲ್ಲ ಯಾಕೆ?” ಎಂದರು. ಹಾಲಿನ ಮಿಷನ್ನಿಗೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಡಬ್ಬಿ ಬುಟ್ಟಿಗೆ ಬಿತ್ತು, ನನಗೆ ಮೂಗುಬೊಟ್ಟು ಕಳೆದುಕೊಂಡಷ್ಟು ಸಂಕಟವಾಯಿತು.

ವಿಮಾನದಲ್ಲಿ ಓಡಾಡುವುದಕ್ಕೂ ಒಂದು ಮಿತಿಯಿದೆ. ನಾಲ್ಕನೇ ಸಲ ಹಿಂದಕ್ಕೆ ಹೋಗಿ ಬಂದಾಗ ಗಗನಸಖಿ ಮೈ ಸರಿಯಿಲ್ಲವೇ ಎಂದು ಕೇಳಿದಳು. ಕೊನೆಗೆ ಕೂತು ಹೆನ್ರಿಕ್ ಅವರ ಕರಡನ್ನು ಮೊದಲಿಂದ ಓದಿದೆ. ಚೆನ್ನಾಗಿತ್ತು. ಯಾವ ಕಂಪನಿಯ ಮಿಷನ್ನಾದರೂ ಯಾರ ಕಂಪ್ಯೂಟರಿಗಾದರೂ ತಿಳಿಯುವಂತೆ ಮಾತಾಡಬೇಕು ಎಂಬುದನ್ನು ಪುಟಗಟ್ಟಲೆ ಬಿಡಿಸಿ ಬರೆದಿದ್ದರು. ನಡುವೆ ಒಂದು ಕಲಮು ಬಂತು. ಮಿಷನ್ನಿನ ಯಾವುದೇ ಭಾಗ ಬದಲಾದರೆ, ತಯಾರಿಸಿದ ಕಂಪನಿಯ ಕಂಪ್ಯೂಟರು ಇಂಟರ್ನೆಟ್ಟಿನ ಮೂಲಕ ಒಪ್ಪಿಗೆ ಕೊಡುವವರೆಗೂ ಮಿಷನ್ನು ಕೆಲಸ ಮಾಡಕೂಡದು ಎಂದಿತ್ತು.

ಮತ್ತೆ ಓದಿದೆ. ಅನುಮಾನವೇ ಇರಲಿಲ್ಲ. ಇದು ನಿಯಮವಾದರೆ ನಾನು ಪೈಪು ಬದಲಿಸಿದರೂ ಮಿಷನ್ನು ಬೀಗ ಹಾಕಿಕೊಳ್ಳುತ್ತದೆ, ಕಂಪನಿ ತನ್ನ ಕಡೆಯವನನ್ನಲ್ಲದೆ ಬೇರೆಯವರನ್ನು ಒಪ್ಪುವುದಿಲ್ಲ. ಅವನು ನಾಗಮಂಗಲದ ಆಚೆ ಹಳ್ಳಿಗೆ ಯಾವಾಗ ಬಂದಾನು? ಅಷ್ಟು ದಿನ ಹಾಲನ್ನು ಕಣ್ಣಂದಾಜಿನಲ್ಲಿ ತೆಗೆದುಕೊಳ್ಳಬೇಕು, ಜಗಳ ಶುರುವಾಗುತ್ತದೆ. ಹೊಸ ಮಿಷನ್ನುಗಳು ಬರುತ್ತಾ ಹೋದಂತೆ ನನ್ನ ಅಂಗಡಿಗೂ ಬಾಗಿಲು. ಅದಕ್ಕೆ ಬೀಗದ ಕಲಮು ಎಂದು ಹೆಸರಿಟ್ಟೆ. ಆಮೇಲೆ ಐದನೇ ಸಲ ಎದ್ದು ಓಡಾಡಿದೆ.

ಮೊದಲ ದಿನ, ವಿಯೆನ್ನಾ

ಅದು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿದ್ದವು. ನಮ್ಮಲ್ಲಿ ಬಂದ್ ಇದ್ದರೂ ಹಿಂಬಾಗಿಲಿನಲ್ಲಿ ಒಂದು ಪೊಟ್ಟಣ ಬ್ರೆಡ್ಡು ಸಿಗುತ್ತದೆ, ಇಲ್ಲಿ ಹಿಂಬಾಗಿಲೂ ಭಾನುವಾರವನ್ನು ಪಾಲಿಸುತ್ತಿತ್ತು. ಮಾರ್ಚಿನ ಚಳಿ, ಮರಗಳಲ್ಲಿ ಎಲೆಯಿಲ್ಲ. ಬಾಟಲಿ ನೀರು ಕುಡಿದರೆ ಸೋಡದ ಹಾಗೆ ಮೂಗಿಗೆ ಹತ್ತಿತು. ಹೋಟೆಲಿನ ಹುಡುಗಿ ನಕ್ಕು, ನಲ್ಲಿಯಲ್ಲಿ ಬರುವುದು ಬೆಟ್ಟದ ನೀರು, ಅದನ್ನೇ ಕುಡಿಯಿರಿ ಎಂದಳು. ದುಡ್ಡು ಕೊಟ್ಟ ನೀರಿಗಿಂತ ನಲ್ಲಿಯ ನೀರು ರುಚಿಯಾಗಿತ್ತು.

ಸಿಗ್ನಲ್ಲಿನ ಹತ್ತಿರ ಮೊದಲ ಬೈಗುಳ ತಿಂದೆ. ರಸ್ತೆ ಖಾಲಿ. ಕಾರಿಲ್ಲ, ಸೈಕಲ್ಲಿಲ್ಲ, ನಾಯಿಯೂ ಇಲ್ಲ. ಆದರೂ ಎಂಟು ಹತ್ತು ಜನ ಕೆಂಪು ದೀಪ ನೋಡುತ್ತಾ ನಿಂತಿದ್ದರು. ನಾನು ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ನುಗ್ಗಿ ದಾಟುವವಳು, ದಾಟಿಬಿಟ್ಟೆ. ಆ ಕಡೆ ನಿಂತಿದ್ದ ಒಬ್ಬ ಅಜ್ಜಿ ಕೈಯೆತ್ತಿ ಜರ್ಮನ್ನಿನಲ್ಲಿ ಚೆನ್ನಾಗಿ ಉಗಿದಳು. ಒಂದಕ್ಷರ ತಿಳಿಯದಿದ್ದರೂ ಪೂರ್ತಿ ಅರ್ಥವಾಯಿತು. ಮನಸ್ಸಿನಲ್ಲಿದ್ದುದನ್ನು ಅಲ್ಲೇ, ಆಗಲೇ, ಮುಖದ ಮೇಲೆ ಹೇಳುವ ಜನ ಇವರು ಎಂಬುದನ್ನು ನಾನು ಅವತ್ತೇ ಗಮನಿಸಬೇಕಿತ್ತು.

ಎರಡನೇ ದಿನ, ಸಭೆ

ಇಂಟರ್ನೆಟ್ಟಿಗೆ ಯಜಮಾನ ಇರುತ್ತಾನೆ, ಅವನು ಮಧ್ಯದಲ್ಲಿ ಎತ್ತರದ ಕುರ್ಚಿಯಲ್ಲಿ ಕೂತಿರುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಅಂಥವರು ಯಾರೂ ಇರಲಿಲ್ಲ. ದೊಡ್ಡ ಕಂಪನಿಯ ಎಂಜಿನಿಯರು, ಯಾವುದೋ ಸರ್ಕಾರದ ಅಧಿಕಾರಿ, ಕಾಲೇಜಿನ ಮೇಷ್ಟ್ರು, ಗ್ರಾಹಕರ ಸಂಘದವರು, ಎಲ್ಲರೂ ಒಂದೇ ಬಗೆಯ ಕುರ್ಚಿಯಲ್ಲಿ ಕೂತಿದ್ದರು. ಮಾತಾಡಬೇಕಾದರೆ ಮೈಕಿನ ಹಿಂದೆ ಸಾಲು ನಿಲ್ಲಬೇಕು. ಅಧಿಕಾರಿಯ ಮುಂದೆ ಹರಿದ ಬೂಟಿನ ವಿದ್ಯಾರ್ಥಿ ನಿಂತಿದ್ದರೆ ಅಧಿಕಾರಿ ಕಾಯುತ್ತಾನೆ. ನಮ್ಮ ತಾಲ್ಲೂಕು ಕಚೇರಿಯ ಸಭೆಗಳನ್ನು ಕಂಡ ನನಗೆ ಇದು ವಿಚಿತ್ರವಾಗಿಯೂ ಖುಷಿಯಾಗಿಯೂ ಇತ್ತು.

ಇಲ್ಲಿ ಕೈಯೆತ್ತಿ ಓಟು ಹಾಕುವುದಿಲ್ಲ. ಎಷ್ಟು ಜನ ಎಂದು ಎಣಿಸುವುದಿಲ್ಲ. ವಿರೋಧವಿದ್ದರೆ ಕಾರಣ ಹೇಳಬೇಕು, ಒಬ್ಬರೇ ಹೇಳಿದರೂ ಆ ಕಾರಣಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗಬಾರದು. ಇಲ್ಲಿ ಬರೆದ ನಿಯಮವನ್ನು ಪಾಲಿಸಲೇಬೇಕೆಂದು ಹೇಳುವ ಪೊಲೀಸರೂ ಇಲ್ಲ. ಎಲ್ಲರೂ ಒಪ್ಪಿ ಬರೆದದ್ದರಿಂದ ಎಲ್ಲರೂ ಬಳಸುತ್ತಾರೆ, ಅಷ್ಟೆ. ಬರೆದದ್ದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಓದಿ ಅದರಂತೆ ಮಿಷನ್ನು ಮಾಡಿಕೊಳ್ಳಬಹುದು.

ಹೆನ್ರಿಕ್ ನನ್ನನ್ನು ಬಾಗಿಲಲ್ಲೇ ಕಾದು ಒಳಗೆ ಕರೆದುಕೊಂಡು ಹೋದರು. ಆರೂವರೆ ಅಡಿ ಎತ್ತರ, ಮಗುವಿನಂಥ ದನಿ. “ನಿಮ್ಮ ಪಟ್ಟಿ ಇಲ್ಲದಿದ್ದರೆ ಈ ಕರಡು ಇಲ್ಲ” ಎಂದು ನಾಲ್ಕು ಜನರ ಮುಂದೆ ಹೇಳಿದರು. ಆಮೇಲೆ ವೇದಿಕೆಗೆ ಹೋಗಿ ಕರಡನ್ನು ಕಲಮು ಕಲಮಾಗಿ ವಿವರಿಸಿದರು. ಬೀಗದ ಕಲಮು ಬಂತು. ಅಧ್ಯಕ್ಷೆ, ಬಿಳಿಗೂದಲಿನ ಚುರುಕು ಹೆಂಗಸು, “ಯಾರದಾದರೂ ಆಕ್ಷೇಪವಿದೆಯೇ?” ಎಂದು ಕೇಳಿದರು.

ನಾನು ಏನು ಮಾಡಬೇಕೋ ಅದನ್ನು ಮಾಡಿದೆ. ಕೈ ಕಟ್ಟಿಕೊಂಡೆ. ಮುಖ ಬಿಗಿಹಿಡಿದು ನೆಲ ನೋಡುತ್ತಾ ಕೂತೆ. ಕಾಲು ಕುಣಿಸುವುದನ್ನೂ ನಿಲ್ಲಿಸಿದೆ, ಅದು ನನ್ನ ಮಟ್ಟಿಗೆ ಬಹಳ ದೊಡ್ಡ ಕೋಪ.

ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು. ಸಾಕಮ್ಮನ ಡೈರಿಯಲ್ಲಿ ಒಮ್ಮೆ ಬೆಳಗಿನ ಹಾಲಿನ ಹೊತ್ತನ್ನು ಅರ್ಧ ಗಂಟೆ ಮುಂಚೆ ಮಾಡೋಣ ಎಂಬ ಮಾತು ಬಂತು. ಎಲ್ಲರೂ ಸರಿ ಎಂದರು. ಒಬ್ಬಾಕೆ ಮಾತ್ರ ಸೆರಗಿನ ತುದಿ ತಿರುಚುತ್ತಾ ಸುಮ್ಮನೆ ಕೂತಿದ್ದಳು. ಸಾಕಮ್ಮ ಪುಸ್ತಕ ಮುಚ್ಚಿಬಿಟ್ಟಳು. “ಅವ್ಳು ಬಾಯ್ ಬುಡಗಂಟ ಏನೂ ಬರೆಯಕಿಲ್ಲ” ಎಂದಳು. ಮೂರು ಸಾಯಂಕಾಲ ಅವಳ ಮನೆಗೆ ಯಾರಾದರೊಬ್ಬರು ಹೋಗಿ ಕೂತರು. ಮೂರನೇ ಸಾಯಂಕಾಲ, ಹಾಸಿಗೆ ಹಿಡಿದ ಅತ್ತೆಯನ್ನು ಆ ಹೊತ್ತಿಗೆ ಏಳಿಸಿ ಕೂರಿಸಬೇಕು ಎಂದು ಹೇಳಿದಳು. ಹೊತ್ತು ಬದಲಾಗಲಿಲ್ಲ. ತುಂಬಿದ ಸಭೆಯಲ್ಲಿ ಕರೆದವರ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸುಮ್ಮನೆ ಕೂತವರನ್ನು ಕೇಳುವುದು ಮಿಕ್ಕವರ ಕೆಲಸ.

ವಿಯೆನ್ನಾದಲ್ಲಿ ಯಾರೂ ಕೇಳಲಿಲ್ಲ. ಅಧ್ಯಕ್ಷೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ನನ್ನ ಬಿಗಿದ ಮುಖವನ್ನೂ ನೋಡಿದರು. “ಆಕ್ಷೇಪವಿಲ್ಲ. ಒಪ್ಪಿಗೆ ಎಂದು ಬರೆದುಕೊಳ್ಳಿ” ಎಂದರು. ಮುಂದಿನ ಕಲಮಿಗೆ ಹೋದರು. ಎದ್ದು ಹೊರಗೆ ಬಂದುಬಿಟ್ಟೆ.

ಟ್ರಾಮಿನಲ್ಲಿ

ಎದುರಿಗೆ ಬಂದ ಮೊದಲ ಟ್ರಾಮು ಹತ್ತಿದೆ. ಎಲ್ಲಿಗೆ ಹೋಗುತ್ತದೆ ಎಂದೂ ನೋಡಲಿಲ್ಲ. ಹಿಂದೆಯೇ ಒಬ್ಬ ಹೆಂಗಸು ಓಡಿ ಬಂದು ಹತ್ತಿ, ನಾನು ಕುರ್ಚಿಯ ಮೇಲೆ ಬಿಟ್ಟು ಬಂದಿದ್ದ ಶಾಲನ್ನು ಕೊಟ್ಟಳು. ಹೆಸರು ವಂಜಿರು, ಕೀನ್ಯಾದವಳು. ಅವಳ ಊರಿನಲ್ಲೂ ಹಾಲಿನ ಸಹಕಾರ ಸಂಘವಿದೆಯಂತೆ, ಅದರ ಕಂಪ್ಯೂಟರುಗಳನ್ನು ಅವಳೇ ನೋಡಿಕೊಳ್ಳುತ್ತಾಳೆ. ನನಗಿಂತ ಚಿಕ್ಕವಳಾದರೂ ಈ ಸಭೆಗಳಿಗೆ ನಾಲ್ಕು ವರ್ಷದಿಂದ ಬರುತ್ತಿದ್ದಾಳೆ.

“ನಿನಗೆ ಆ ಕಲಮು ಇಷ್ಟವಾಗಲಿಲ್ಲ” ಎಂದಳು.

“ಅದು ನಿನಗೆ ಕಂಡಿತು. ಅವರಿಗೆ ಕಾಣಲಿಲ್ಲವೇ?”

“ಕಂಡಿರುತ್ತದೆ. ಆದರೆ ಇಲ್ಲಿ ಮುಖ ನೋಡಿ ಬರೆದುಕೊಳ್ಳುವುದಿಲ್ಲ. ನಮ್ಮ ಕಡೆಯೂ ಹಿರಿಯರು ಬಂದು ಕೇಳುತ್ತಾರೆ. ನಾನು ಮೊದಲ ವರ್ಷ ಪೂರ್ತಿ ಸಿಟ್ಟಿನಿಂದ ಸುಮ್ಮನೆ ಕೂತಿದ್ದೆ. ವರ್ಷದ ಕೊನೆಗೆ ನೋಡಿದರೆ ಎಲ್ಲದಕ್ಕೂ ಒಪ್ಪಿದ್ದೆ.”

ಅಷ್ಟರಲ್ಲಿ ಸಾದಾ ಅಂಗಿ ತೊಟ್ಟಿದ್ದ ಒಬ್ಬ ಮನುಷ್ಯ ಜೇಬಿನಿಂದ ಗುರುತಿನ ಬಿಲ್ಲೆ ತೆಗೆದು ಟಿಕೆಟ್ಟು ಕೇಳಿದ. ಬೆಳಿಗ್ಗೆಯೇ ಕೊಂಡಿದ್ದೆ, ಗರ್ವದಿಂದ ತೋರಿಸಿದೆ. ಅವನು ತಲೆಯಾಡಿಸಿದ. ಟಿಕೆಟ್ಟು ಕೊಂಡರೆ ಸಾಲದಂತೆ, ಹತ್ತಿದ ಕೂಡಲೇ ಅಲ್ಲಿರುವ ಸಣ್ಣ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕಂತೆ. ದಂಡ ತೆತ್ತೆ. ನಮ್ಮ ಕಂಡಕ್ಟರಾದರೆ ಹಣೆ ಚಚ್ಚಿಕೊಂಡು, “ಏನ್ ಜನವೋ” ಎಂದು ತಾನೇ ಹರಿದು ಕೊಡುತ್ತಿದ್ದ. ಅವನ ಗೊಣಗಾಟ ಅವತ್ತು ನನಗೆ ನಿಜವಾಗಿಯೂ ಬೇಕೆನಿಸಿತು.

ಟ್ರಾಮು ಊರ ಹೊರಗಿನ ದ್ರಾಕ್ಷಿ ತೋಟಗಳ ತನಕ ಹೋಗಿ ನಿಂತಿತು. ವಾಪಸು ಬರುವಾಗ ವಂಜಿರು ಬಿಡಿಸಿ ಹೇಳಿದಳು. ಗುರುವಾರ ಇದೇ ಗುಂಪು ಕೊನೆಯ ಸಲ ಸೇರುತ್ತದೆ. ಬರೆದುಕೊಂಡದ್ದನ್ನು ಅವತ್ತು ಯಾರು ಬೇಕಾದರೂ ತಡೆಯಬಹುದು. ಬರಿಯ ಬೇಸರ ಹೇಳಿದರೆ ಯಾರೂ ಕೇಳುವುದಿಲ್ಲ, ಕಾರಣ ಬೇಕು, ಅದರ ಬದಲಿಗೆ ಏನು ಬರೆಯಬೇಕು ಎಂಬುದನ್ನೂ ತಂದರೆ ಒಳ್ಳೆಯದು. “ನೀನೂ ಜೊತೆಗೆ ಹೇಳುತ್ತೀಯಾ?” ಎಂದೆ. “ನಮ್ಮ ಮಿಷನ್ನುಗಳನ್ನು ಕಂಪನಿಯೇ ನೋಡಿಕೊಳ್ಳುತ್ತದೆ. ಬಿಚ್ಚುವುದು ಹೇಗೆಂದು ಗೊತ್ತಿರುವವಳು ನೀನು” ಎಂದಳು.

ಮೂರನೇ ದಿನ, ಹೆನ್ರಿಕ್ ಕೊಡಿಸಿದ ಊಟ

ಹೆನ್ರಿಕ್ ಊಟಕ್ಕೆ ಕರೆದರು. ನಾನು ಮಾಂಸ ತಿನ್ನುವವಳು ಎಂದು ಕೇಳಿ ತಿಳಿದುಕೊಂಡು, ತಟ್ಟೆಗಿಂತ ಅಗಲವಾದ, ಚಪ್ಪಟೆಯಾಗಿ ಬಡಿದು ಕರಿದ ಮಾಂಸ ತರಿಸಿದರು. ಉಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ಕೈಚೀಲದಲ್ಲಿದ್ದ ಮೇಲುಕೋಟೆಯ ಪುಳಿಯೋಗರೆ ಗೊಜ್ಜನ್ನು ಹಚ್ಚಿಕೊಂಡು ತಿಂದೆ, ಅವರಿಗೂ ಒಂದು ಚಮಚ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದರು. ಒಳ್ಳೆಯ ಮನುಷ್ಯ, ಅದೇ ಕಷ್ಟ.

ಕಾಫಿ ಬಂದಾಗ ಬೀಗದ ಕಲಮನ್ನು ಯಾಕೆ ಬರೆದಿರಿ ಎಂದು ಮೆಲ್ಲಗೆ ಕೇಳಿದೆ. ಅವರ ತಂದೆಗೆ ಹನ್ನೆರಡು ಹಸುಗಳಿದ್ದವಂತೆ. ಹಾಲು ಕೊಳ್ಳುವವನು ತಕ್ಕಡಿಯನ್ನು ತಿದ್ದಿಟ್ಟುಕೊಂಡಿದ್ದನಂತೆ. ವರ್ಷಗಟ್ಟಲೆ ಹಾಲು ಕಮ್ಮಿ ಬರುತ್ತಿತ್ತು, ತಂದೆ ಹಸುಗಳನ್ನು ಬೈಯುತ್ತಿದ್ದರು, ಒಮ್ಮೊಮ್ಮೆ ಮಕ್ಕಳನ್ನೂ. “ತಕ್ಕಡಿಯನ್ನು ಯಾರೋ ಬಿಚ್ಚಿದ್ದಾರೆ ಎಂದು ನಮಗೆ ತಿಳಿಯುವ ಹೊತ್ತಿಗೆ ಹಸುಗಳನ್ನು ಮಾರಿಯಾಗಿತ್ತು. ಆ ಕಲಮು ನಿಮ್ಮ ಸಾಕಮ್ಮನಂಥವರಿಗಾಗಿಯೇ” ಎಂದರು. ಸಾಕಮ್ಮನ ವಿಷಯವನ್ನು ನಾನು ಕಾಗದದಲ್ಲಿ ಬರೆದಿದ್ದೆ.

ಅವರು ಹೇಳಿದ್ದು ಸುಳ್ಳಲ್ಲ. ಫ್ಯಾಟು ಸ್ವಲ್ಪ ಕಮ್ಮಿ ತೋರಿಸುವಂತೆ ಮಾಡಿಕೊಡು ಎಂದು ನನ್ನನ್ನೇ ಕೇಳಿದವರಿದ್ದಾರೆ. ಅಂಥವರ ಡೈರಿಗೆ ಮತ್ತೆ ನಾನು ಹೋಗಲಿಲ್ಲ, ಬೇರೆ ಯಾರೋ ಹೋಗಿರಬಹುದು. ಊಟ ಹಾಕಿಸಿ, ತಂದೆಯ ಕಥೆ ಹೇಳಿಕೊಂಡ ಮನುಷ್ಯನಿಗೆ ನಿನ್ನ ಕಲಮು ತೆಗೆ ಎನ್ನುವುದು ಹೇಗೆ? ಆ ಮಧ್ಯಾಹ್ನ ಸಭೆ ಬಿಟ್ಟು, ಊರ ನಡುವಿನ ವರ್ತುಲ ರಸ್ತೆಯನ್ನು ಒಂದು ಸುತ್ತು ಪೂರ್ತಿ ನಡೆದೆ. ಅರಮನೆ ಬಂತು, ಗೋಪುರ ಬಂತು, ಕುದುರೆಗಾಡಿಗಳು ಬಂದವು. ಯಾವುದನ್ನೂ ನೋಡಲಿಲ್ಲ.

ಎರಡನೇ ಸುತ್ತಿನ ಅರ್ಧದಲ್ಲಿ, ನಾವು ಮಿಷನ್ನನ್ನು ಹೇಗೆ ಬಿಚ್ಚುತ್ತೇವೆ ಎಂಬುದನ್ನೇ ಹೇಳಿದರಾಯಿತು ಎನ್ನಿಸಿತು. ನಮ್ಮಲ್ಲಿ ಕೆಟ್ಟ ಮಿಷನ್ನನ್ನು ಅಂಗಡಿಗೆ ಹೊತ್ತು ತರುವುದಿಲ್ಲ. ಹಾಲಿನ ಸಾಲು ಇರುವಾಗಲೇ, ಹಾಲು ಹಾಕುವವರ ಕಣ್ಣೆದುರಿಗೇ ಮೇಜಿನ ಮೇಲೆ ಬಿಚ್ಚಬೇಕು. ಮುಚ್ಚಿದ ಮೇಲೆ ಒಂದೇ ಹಾಲನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಇಲ್ಲಿ, ಇನ್ನೊಂದನ್ನು ಪಕ್ಕದೂರಿನ ಡೈರಿಯ ಮಿಷನ್ನಿನಲ್ಲಿ ಇಟ್ಟು ನೋಡಬೇಕು. ಎರಡೂ ಒಂದೇ ತೋರಿಸಿದರೆ ಮಾತ್ರ ರಿಪೇರಿ ಆಯಿತೆಂದು ಲೆಕ್ಕ. ಇದನ್ನು ಯಾರೂ ಬರೆದಿಟ್ಟಿಲ್ಲ, ನಾನು ಈ ಕೆಲಸಕ್ಕೆ ಬರುವ ಮುಂಚಿನಿಂದಲೂ ನಡೆದು ಬಂದಿದೆ.

ಒಂದು ಕಾಫಿ ಅಂಗಡಿಯಲ್ಲಿ ಕೂತು ಬರೆದೆ. ಮಿಷನ್ನು ಬೀಗ ಹಾಕಿಕೊಳ್ಳುವುದು ಬೇಡ. ನುರಿತ ರಿಪೇರಿಯವರು ಎಲ್ಲರೆದುರು ಬಿಚ್ಚಲಿ. ಬಿಚ್ಚಿದ್ದು ಯಾರು, ಯಾವಾಗ, ಪಕ್ಕದ ಮಿಷನ್ನಿನ ಜೊತೆ ಹೋಲಿಸಿದಾಗ ಏನು ಬಂತು ಎಂಬುದನ್ನು ಮಿಷನ್ನೇ ಬರೆದಿಟ್ಟುಕೊಂಡು, ಹಾಲು ಹಾಕುವ ಯಾರು ಕೇಳಿದರೂ ತೋರಿಸಲಿ.

ಐದನೇ ದಿನ, ಮೈಕಿನ ಸಾಲು

ಗುರುವಾರ ಬೆಳಿಗ್ಗೆ ನನ್ನ ಮುಂದೆ ಸಾಲಿನಲ್ಲಿ ಐದು ಜನರಿದ್ದರು. ನಾನು ನಾಚಿಕೆಯವಳಲ್ಲ, ಬೀದಿಯಲ್ಲಿ ನಿಂತು ಕೂಗಾಡಬಲ್ಲೆ. ಆದರೆ ಕರೆಸಿಕೊಂಡವರ ವಿರುದ್ಧ, ಅವರ ಮುಂದೆಯೇ, ಮೈಕಿನಲ್ಲಿ? ಎರಡು ಸಲ ಸಾಲು ಬಿಟ್ಟು ಹೊರಟೆ. ಎರಡು ಸಲವೂ ವಂಜಿರು ಕುರ್ಚಿಯಿಂದಲೇ ನನ್ನನ್ನು ನೋಡಿದಳು, ವಾಪಸು ಬಂದು ನಿಂತೆ.

ನನ್ನ ಇಂಗ್ಲಿಷು ಮುರುಕು. ಆದರೂ ಹೇಳಿದೆ. ಇರುವೆ ಗೂಡು, ಒಡೆದ ಪೈಪು, ಹಾಲಿನ ಸಾಲು, ಎರಡು ಲೋಟ. ಬರೆದು ತಂದದ್ದನ್ನು ಓದಿದೆ. ಮಿಷನ್ನು ಮಾಡುವ ಕಂಪನಿಯವನೊಬ್ಬ ಎದ್ದು, ಇದು ಕಥೆ ಚೆನ್ನಾಗಿದೆ, ತಂತ್ರಜ್ಞಾನವಲ್ಲ ಎಂದ. ಅಧ್ಯಕ್ಷೆ ಅವನಿಗೆ ಕಾರಣ ಹೇಳಿ ಎಂದರು. ಅವನ ಬಳಿ ಇರಲಿಲ್ಲ, ಕೂತ. ಹೆನ್ರಿಕ್ ಬಳಿ ಇತ್ತು. “ಊರಿನವರೆಲ್ಲ ಸೇರಿಕೊಂಡು ಒಬ್ಬ ಬಡವಿಗೆ ಮೋಸ ಮಾಡಿದರೆ? ಆಗ ಸಾಕ್ಷಿ ನಿಲ್ಲುವವರು ಯಾರು?” ಎಂದು ಕೇಳಿದರು. ಪಕ್ಕದೂರಿನ ಮಿಷನ್ನು ಎಂದೆ. ಅದೂ ಸೇರಿಕೊಂಡರೆ ಎಂದರು. ಆ ಪ್ರಶ್ನೆಯನ್ನು ನನ್ನ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಅದು ಈಗಲೂ ಅಲ್ಲೇ ಇದೆ.

ಮುಕ್ಕಾಲು ಗಂಟೆ ಮಾತು ನಡೆಯಿತು. ಕೊನೆಗೆ ಅಧ್ಯಕ್ಷೆ ಮಧ್ಯದ ದಾರಿಯೊಂದನ್ನು ಇಟ್ಟರು. ಬೀಗ ಇರಲಿ, ಆದರೆ ಒಪ್ಪಿಗೆ ಕೊಡಲು ಕಂಪನಿಗೆ ಮೂರು ದಿನದ ಗಡುವು, ಅಲ್ಲಿಯವರೆಗೆ ಮಿಷನ್ನು ನಡೆಯಲಿ, ಆಮೇಲೆ ಬೀಗ. ಸಭೆಯಲ್ಲಿ ತಲೆಗಳು ಆಡಿದವು. ಹೆನ್ರಿಕ್ ಕೂಡ ತಲೆಯಾಡಿಸಿದರು. ಅಧ್ಯಕ್ಷೆ ನನ್ನ ಕಡೆ ತಿರುಗಿದರು.

“ಇದು ನಿಮಗೆ ಇಷ್ಟವೇ ಎಂದು ಕೇಳುತ್ತಿಲ್ಲ. ಇದರ ಜೊತೆ ಹೊಂದಿಕೊಂಡು ಬದುಕಬಹುದೇ ಎಂದು ಕೇಳುತ್ತಿದ್ದೇನೆ.”

ಹೊಂದಿಕೊಂಡು ಹೋಗು ಎಂಬ ಮಾತನ್ನು ನನಗೆ ಯಾರು ತಾನೇ ಹೇಳಿಲ್ಲ? ತವರಿನಲ್ಲಿ ಹೇಳಿದ್ದರು, ಅತ್ತೆಮನೆಯಲ್ಲಿ ಹೇಳಿದ್ದರು, ಗಂಡಸರ ಕೆಲಸ ಹಿಡಿದಾಗ ಪಾಂಡವಪುರದ ಪೇಟೆಯೇ ಹೇಳಿತ್ತು. ಆದರೆ ಆಗುತ್ತದೋ ಇಲ್ಲವೋ ಎಂದು ಕೇಳಿ, ಉತ್ತರಕ್ಕೆ ಪೆನ್ನು ಹಿಡಿದು ಕಾದವರು ಯಾರೂ ಇರಲಿಲ್ಲ. ಮೂರು ದಿನದಲ್ಲಿ ಕಂಪನಿಯವನು ಬರುವುದಿಲ್ಲ, ಮೂವತ್ತು ದಿನಕ್ಕೂ ಬರದೇ ಇದ್ದದ್ದುಂಟು. ಇಡೀ ಕೋಣೆ ನನ್ನನ್ನು ನೋಡುತ್ತಿತ್ತು.

“ಇಲ್ಲ, ಆಗಕಿಲ್ಲ” ಎಂದೆ. ಬಾಯಿಗೆ ಮೊದಲು ಬಂದದ್ದು ಕನ್ನಡವೇ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿ, ಕಾರಣವನ್ನೂ ಹೇಳಿದೆ.

ಅಧ್ಯಕ್ಷೆ ತಲೆಯಾಡಿಸಿ ಬರೆದುಕೊಂಡರು. ಕಾರಣಕ್ಕೆ ಉತ್ತರ ಸಿಕ್ಕಿಲ್ಲ, ಆದ್ದರಿಂದ ಒಪ್ಪಿಗೆಯಿಲ್ಲ, ಕರಡು ಪೂರ್ತಿಯಾಗಿ ವಾಪಸು. ಪೂರ್ತಿಯಾಗಿ ಎಂಬ ಮಾತು ನನಗೆ ಆಮೇಲೆ ತಟ್ಟಿತು. ಎಲ್ಲ ಮಿಷನ್ನಿಗೂ ಒಂದೇ ಮಾತು ಕಲಿಸುವ ಆ ಒಳ್ಳೆಯ ಪುಟಗಳೂ ಮುಂದಿನ ವರ್ಷಕ್ಕೆ ಹೋದವು. ಅದನ್ನು ತಡೆದವಳು ನಾನು.

ಹೆನ್ರಿಕ್ ನೆಟ್ಟಗೆ ನನ್ನ ಬಳಿಗೆ ಬಂದರು. ಕೆನ್ನೆ ಕೆಂಪಗಾಗಿತ್ತು. “ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಎರಡು ವರ್ಷದ ಕೆಲಸ” ಎಂದರು. ನಾನು ಕ್ಷಮಿಸಿ ಎನ್ನಲು ಹೊರಟೆ. “ಬೇಡ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ನೀವು ಬರೆದದ್ದನ್ನು ತನ್ನಿ. ಕೂತು ಆ ಕಲಮನ್ನು ಹೊಸದಾಗಿ ಬರೆಯೋಣ” ಎಂದರು. ನಮ್ಮಲ್ಲಾದರೆ ಈ ಸಿಟ್ಟಿಗೆ ಆರು ತಿಂಗಳು ಮಾತು ಬಿಡುತ್ತಿದ್ದರು, ಮದುವೆಗೆ ಕರೆಯುತ್ತಿರಲಿಲ್ಲ.

ಅದೇ ಮಧ್ಯಾಹ್ನ, ನದಿಯ ಹತ್ತಿರ

ಡ್ಯಾನ್ಯೂಬ್ ನದಿಯ ನಡುವೆ ಉದ್ದನೆಯ ದ್ವೀಪವೊಂದಿದೆ. ಶ್ರೀರಂಗಪಟ್ಟಣವನ್ನು ಕಾವೇರಿ ತಾನೇ ಇಬ್ಭಾಗವಾಗಿ ಅಪ್ಪಿಕೊಂಡಿದೆ, ಇದು ಹಾಗಲ್ಲ. ಪ್ರವಾಹಕ್ಕೆ ದಾರಿ ಮಾಡಲು ಇವರೇ ಇನ್ನೊಂದು ಹೊಳೆ ತೋಡಿ, ತೆಗೆದ ಮಣ್ಣನ್ನು ಸುರಿದು ಮಾಡಿದ ದ್ವೀಪ. ಅಲ್ಲಿ ಗಾಳಿಗೆ ಶಾಲು ಹಾರುತ್ತಿತ್ತು. ಊರಿನಲ್ಲಿ ಆಗ ಸಾಯಂಕಾಲದ ಹಾಲಿನ ಹೊತ್ತು. ಸಾಕಮ್ಮನಿಗೆ ಹೇಳದೆ ಇರಲು ಆಗಲಿಲ್ಲ, ಫೋನು ಮಾಡಿದೆ. ಹಿಂದೆ ಹಾಲಿನ ಕ್ಯಾನುಗಳ ಸದ್ದು ಕೇಳುತ್ತಿತ್ತು.

“ಏಳವ್ವ ಶೈಲ. ಜಲ್ದಿ ಏಳು, ಆಲು ಅಳೀತಾ ಇವ್ನಿ.”

“ಎಲ್ಲಾ ಮಿಷನ್ಗೂ ಒಂದೇ ಮಾತು ಅಂದಿದ್ನಲ್ಲ ಸಾಕಕ್ಕ, ಅದು ಈ ವರ್ಷ ಆಗಕಿಲ್ಲ.”

“ಯಾಕೆ, ಯಾರ್ ಬೇಡ ಅಂದ್ರು?”

“ನಾನೇ ಬೇಡ ಅಂದೆ. ಅದ್ರ ಜೊತೆಗೆ ಬೀಗ ಇಟ್ಟಿದ್ರು. ಒಳಗಿಂದು ಏನಾರ ಬದಲಾಯ್ಸುದ್ರೆ, ಕಂಪನಿಯೋರು ಊ ಅನ್ನಗಂಟ ಮಿಷನ್ ನಡಿಯಕಿಲ್ಲ ಅಂತ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಸುಮ್ಮನಿದ್ದವಳನ್ನು ಕೇಳಬೇಕಾದ ಸರದಿ ನನ್ನದು. “ಯಾಕ್ ಸಾಕಕ್ಕ, ಬೇಜಾರಾಯ್ತಾ?”

“ಅದಲ್ಲ ಕಣವ್ವ. ನೆನ್ನೆ ಒತ್ತಾರೆ ಮಿಷನ್ ನಿಂತೋಗಿತ್ತು. ನಾನೇ ಬಿಚ್ಬುಟ್ಟೆ.”

“ನೀನಾ?”

“ಇನ್ಯಾರು? ನೀನ್ ಅಲ್ಲೆಲ್ಲೋ ಕುಂತಿದ್ದೀಯ. ಎಂಗಸ್ರೆಲ್ಲ ಚೊಂಬು ಇಡ್ಕಂಡು ಕಾಯ್ತಾವ್ರೆ. ಪೈಪ್ ಒಡ್ದೋಗಿತ್ತು, ನೀನ್ ಕೊಟ್ಟಿದ್ದ ಪೈಪ್ ಒಂದು ಡ್ರಾನಲ್ಲಿತ್ತು, ಆಕ್ದೆ. ಎಲ್ರೂ ನೋಡ್ತಾನೇ ಇದ್ರು. ಪಕ್ಕದೂರ್ಗೂ ಒಂದ್ ಲೋಟ ಕಳ್ಸಿ ನೋಡ್ಸುದ್ನಿ, ಒಂದೇ ಬಂತು.” ಆಮೇಲೆ ದನಿ ತಗ್ಗಿಸಿ ಕೇಳಿದಳು. “ಅದ್ನ ನಾನ್ ಬಿಚ್ಬೋದಿತ್ತೋ, ಬಿಚ್ಬಾರ್ದಿತ್ತೋ?”

“ಬಿಚ್ಬೋದು ಸಾಕಕ್ಕ.”

“ಅಂಗಾರೆ ನೀನ್ ಬೇಡ ಅಂದಿದ್ದು ಸರಿಯಾಯ್ತು ಬುಡು. ಮಡುಗ್ತೀನಿ, ಸಾಲು ನಿಂತದೆ” ಎಂದು ಇಟ್ಟೇಬಿಟ್ಟಳು.

ನಾನು ಫೋನು ಹಿಡಿದುಕೊಂಡೇ ನಿಂತೆ. ಖುಷಿಯಾಯಿತು. ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಅಷ್ಟು ದೂರ ಹೋಗಿ, ಸಾಲಿನಲ್ಲಿ ನಿಂತು, ಒಳ್ಳೆಯ ಮನುಷ್ಯನನ್ನು ನೋಯಿಸಿ ಜಗಳವಾಡಿದ್ದು ನನ್ನ ಅಂಗಡಿ ಉಳಿಸಿಕೊಳ್ಳಲು. ಈ ಸಾಕಮ್ಮ, ನನ್ನನ್ನು ನೋಡಿ ನೋಡಿಯೇ ಕಲಿತವಳು, ನಾನಿಲ್ಲದೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ದಳು. ಇವಳು ಕಲಿತಳೆಂದರೆ ಪಕ್ಕದೂರಿನವಳೂ ಕಲಿಯುತ್ತಾಳೆ.

ಬೆಂಚಿನ ಮೇಲೆ ಕೂತು, ಮರುದಿನ ಹೆನ್ರಿಕ್‌ಗೆ ಕೊಡಬೇಕಾದ ಹಾಳೆಯನ್ನು ತೆಗೆದೆ. ‘ನುರಿತ ರಿಪೇರಿಯವರು ಎಲ್ಲರೆದುರು ಬಿಚ್ಚಲಿ’ ಎಂದು ನಾನೇ ಬರೆದಿದ್ದೆ. ಆ ಸಾಲನ್ನು ಬಹಳ ಹೊತ್ತು ನೋಡಿದೆ. ಅದು ಹಾಗೆಯೇ ನಿಯಮವಾದರೆ ಸಾಕಮ್ಮ ನಿನ್ನೆ ಮಾಡಿದ್ದು ತಪ್ಪು. ಪೆನ್ನು ತೆಗೆದು ‘ನುರಿತ ರಿಪೇರಿಯವರು’ ಎಂಬುದನ್ನು ಹೊಡೆದು ಹಾಕಿ, ಮೇಲೆ ‘ಬಳಸುವವರು’ ಎಂದು ಬರೆದೆ.